ಕರುವಿನ ಪಾಲು: ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಹಾಲು ಬಿಡಿಸುವ ಪದ್ಧತಿಯ ಚರಿತ್ರೆ

೧

ನಮ್ಮ ಪ್ರಾಂತದ ಕೃಷಿಯ ಇತಿಹಾಸವನ್ನು ಬರೆದವರು ಭೂಮಿಯ ಒಡೆತನ, ಕಂದಾಯ, ಬೆಳೆ, ಬೆಲೆ ಇವುಗಳಿಗೆ ಕೊಟ್ಟ ಗಮನವನ್ನು ಕೊಟ್ಟಿಗೆಗೆ ಕೊಟ್ಟಿಲ್ಲ. ಕೊಟ್ಟಿಗೆಗೆ ಇಣಿಕಿದವರಾದರೂ ಎತ್ತನ್ನು ಕಂಡರು, ಹಾಲು ಕೊಡುವ ಹಸುವನ್ನು ಕಂಡರು. ಮೂಲೆಯಲ್ಲಿ ಕಟ್ಟಿದ ಕರುವನ್ನು ಕಂಡವರು ವಿರಳ. ಆದರೂ ಕೆಚ್ಚಲಿನ ಹಾಲಿನಲ್ಲಿ ಕರುವಿಗೆ ಎಷ್ಟು, ಮನೆಗೆ ಎಷ್ಟು, ಆ ಪಾಲು ಎಷ್ಟು ತಿಂಗಳು ನಡೆಯತಕ್ಕದ್ದು ಎಂಬ ಪ್ರಶ್ನೆಯು ಪ್ರತಿಯೊಂದು ಮನೆಯೂ ಪ್ರತಿದಿನವೂ ಎರಡು ಹೊತ್ತು ತೀರ್ಮಾನಿಸಬೇಕಾಗಿದ್ದ ಪ್ರಶ್ನೆ. ಈ ತೀರ್ಮಾನಕ್ಕೂ ಒಂದು ಚರಿತ್ರೆಯಿದೆ. ಅದು ಕೇವಲ ದಯೆಯ ಅಥವಾ ಲೋಭದ ಚರಿತ್ರೆಯಲ್ಲ. ಕಾಡಿನ, ತೋಟದ, ಗೊಬ್ಬರದ, ಕೊನೆಗೆ ಹಾಲಿನ ಸಂಘದ ಚರಿತ್ರೆ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಮೂರು ತಾಲೂಕುಗಳನ್ನು, ಎಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳನ್ನು ನಿದರ್ಶನವಾಗಿಟ್ಟುಕೊಂಡು ಅದನ್ನು ಇಲ್ಲಿ ಪರಿಶೀಲಿಸಲು ಯತ್ನಿಸಲಾಗಿದೆ.

ಇಂತಹ ವಿಷಯವನ್ನು ಇಂದು ಎತ್ತಿಕೊಳ್ಳಲು ಮತ್ತೊಂದು ಕಾರಣವೂ ಉಂಟು. ಕರುವು ಹಾಲನ್ನು ಬಿಟ್ಟು ಹುಲ್ಲಿಗೆ ಹೊರಳುವ ಕಾಲದಲ್ಲಿ ಅದರ ಜಠರದೊಳಗೆ ಏನು ನಡೆಯುತ್ತದೆಂಬುದನ್ನು ಕಳೆದ ಎಪ್ಪತ್ತೆಂಬತ್ತು ವರ್ಷಗಳಲ್ಲಿ ಶರೀರವಿಜ್ಞಾನಿಗಳೂ, ಈಚಿನ ಎರಡು ದಶಕಗಳಲ್ಲಿ ವಂಶವಾಹಿಗಳ ಅಭ್ಯಾಸಿಗಳೂ ಬಹುಮಟ್ಟಿಗೆ ಬಿಡಿಸಿ ತೋರಿಸಿದ್ದಾರೆ. ಹಳೆಯ ಪದ್ಧತಿಯನ್ನು ಹೊಗಳುವವರೂ ಹಳಿಯುವವರೂ ಈ ತಿಳಿವಳಿಕೆಯ ಬೆಳಕಿನಲ್ಲಿ ತಮ್ಮ ಮಾತನ್ನು ಪುನಃ ತೂಗಿ ನೋಡಬೇಕಾಗಿದೆ.

೨

ಬನವಾಸಿ ಸೀಮೆಯಲ್ಲಿ ಗೋಸಂಪತ್ತಿನ ಪ್ರಾಚೀನತೆಗೆ ಸಾಕ್ಷಿ ಹುಡುಕಬೇಕಾದ ಕಷ್ಟವಿಲ್ಲ. ತುರುಗೋಳಿನಲ್ಲಿ, ಎಂದರೆ ದನಗಳ್ಳರೊಡನೆ ಹೋರಾಡಿ, ಮಡಿದವರ ವೀರಗಲ್ಲುಗಳು ಆ ನಾಡಿನಲ್ಲಿ ಅಲ್ಲಲ್ಲಿ ದೊರೆಯುತ್ತವೆ. ದನಕ್ಕಾಗಿ ಪ್ರಾಣವನ್ನು ಕೊಡುವಷ್ಟು ಅದಕ್ಕೆ ಬೆಲೆಯಿದ್ದಿತು. ಚಾಳುಕ್ಯ ರಾಜವಂಶದ ಕೀರ್ತಿವರ್ಮನು ೧೨ನೆಯ ಶತಮಾನದ ಆದಿಭಾಗದಲ್ಲಿ ‘ಗೋವೈದ್ಯ’ವೆಂಬ ಗ್ರಂಥವನ್ನು ಕನ್ನಡದಲ್ಲಿಯೇ ರಚಿಸಿದನೆಂಬುದೂ ಗಮನಾರ್ಹ, ಔಷಧ ಮಂತ್ರಗಳೆರಡೂ ಬೆರೆತ ಆ ಕೃತಿಯು ದನದ ರೋಗಗಳು ಅರಮನೆಯ ಚಿಂತೆಯೂ ಆಗಿದ್ದುವೆಂದು ತಿಳಿಸುತ್ತದೆ. ಆದರೆ ಶಾಸನ, ಗ್ರಂಥಗಳಲ್ಲಿ ಬರುವುದು ಮಂದೆಯೇ ಹೊರತು ಕರುವಲ್ಲ. ಕರುವಿನ ಸುಳಿವು ನಮಗೆ ಹೆಚ್ಚಾಗಿ ದೊರೆಯುವುದು ಭಾಷೆಯಲ್ಲಿ. ಹೊಸದಾಗಿ ಕರು ಹಾಕಿದ ಹಸುವನ್ನು ಎಳಗಂದಿಯೆನ್ನುತ್ತೇವೆ. ತಾಯಿಗೆ ಹೆಸರು ಬರುವುದು ಕರುವಿನ ಎಳಸುತನದಿಂದ. ಕರುವಿನ ಮೂತಿ ತಾಗಿ ಕೆಚ್ಚಲಿಗೆ ಹಾಲು ಇಳಿಯುವುದನ್ನು ‘ಸೊರೆ ಬಿಡುವುದು’ ಎನ್ನುತ್ತೇವೆ. ‘ಗೋವಿನ ಹಾಡಿ’ನ ಕಥೆಯೆಲ್ಲವೂ ನಿಂತಿರುವುದು ಹಾಲು ಬಿಡಿಸದ ಕರುವೊಂದರ ಹಸಿವಿನ ಮೇಲೆ.

ಈ ಸಂದರ್ಭದಲ್ಲಿ ಧರ್ಮಶಾಸ್ತ್ರದ ಒಂದು ವಿಧಿಯನ್ನು ಪ್ರಸ್ತಾಪಿಸುವುದು ರೂಢಿ. ಕರು ಹಾಕಿದ ಹಸುವಿನ ಹಾಲು ಹತ್ತು ದಿನಗಳವರೆಗೆ ವರ್ಜ್ಯವೆಂದು ಮನುಸ್ಮೃತಿಯ ಐದನೆಯ ಅಧ್ಯಾಯವು ಹೇಳುತ್ತದೆ. ಹೆತ್ತ ಮೊದಲ ದಿನದ ಗಿಣ್ಣು ಹಾಲಿನಲ್ಲಿ ರೋಗನಿರೋಧಕ ದ್ರವ್ಯಗಳಿರುತ್ತವೆ; ಅವು ದನಗಳಲ್ಲಿ ಗರ್ಭದೊಳಗಿರುವಾಗ ತಾಯಿಯಿಂದ ಕರುವಿಗೆ ದಾಟವು; ಹುಟ್ಟಿದ ಒಂದು ದಿನದೊಳಗಾಗಿ ಕರುವಿನ ಕರುಳು ಅವನ್ನು ಹೀರಿಕೊಳ್ಳುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಇದನ್ನರಿತ ಕೆಲವರು ನಮ್ಮ ಹಿರಿಯರು ಈ ತತ್ತ್ವವನ್ನು ಮೊದಲೇ ಕಂಡುಕೊಂಡಿದ್ದರೆಂದು ಹೆಮ್ಮೆಪಡುವುದುಂಟು. ಈ ವಾದವು ನಮಗೆ ಒಪ್ಪಿತವಾಗುವುದಿಲ್ಲ. ವಿಧಿಯು ಹೇಳುವುದು ಸೂತಕದ ಮಾತನ್ನು, ಕರುವಿನ ಹೊಟ್ಟೆಯ ಮಾತನ್ನಲ್ಲ. ಅಲ್ಲದೆ ಶಿರಸಿ ಸೀಮೆಯ ಮನೆಗಳಲ್ಲಿ ಗಿಣ್ಣು ಮಾಡಿ ನೆರೆಹೊರೆಗೆ ಹಂಚುವ ಸಂತೋಷವೂ ಹಳೆಯದೇ. ವಿಧಿಯನ್ನು ಅಡಿಗೆಮನೆ ಅಷ್ಟೇನೂ ಲೆಕ್ಕಿಸಿರಲಿಲ್ಲ. ಕರುವಿಗೆ ಮೊದಲ ಪಾಲು ದೊರೆಯುತ್ತಿದ್ದಿತೆಂಬುದು ನಿಜ. ಅದಕ್ಕೆ ಕಾರಣವನ್ನು ಶ್ಲೋಕದಲ್ಲಲ್ಲ, ತೋಟದಲ್ಲಿ ಹುಡುಕಬೇಕು.

೩

೧೭೯೯ರಲ್ಲಿ ಟಿಪ್ಪುಸುಲ್ತಾನನ ಪತನಾನಂತರ ಕನ್ನಡ ಜಿಲ್ಲೆಯು ಇಂಗ್ಲಿಷರ ವಶವಾಯಿತು. ಮದರಾಸು ಸರಕಾರದ ಆಡಳಿತದಲ್ಲಿದ್ದ ಅದರ ಉತ್ತರಭಾಗವು ೧೮೬೨ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ೧೯೫೬ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. ೧೮೦೧ರ ಮಾರ್ಚಿಯಲ್ಲಿ ಈ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನು ಯಲ್ಲಾಪುರ, ಸೋಂದಾ, ಶಿರಸಿ, ಬನವಾಸಿಗಳನ್ನು ಕಂಡು, ಹೈಗ ಬ್ರಾಹ್ಮಣರ ಅಡಿಕೆಯ ತೋಟಗಳನ್ನೂ ಅವಕ್ಕೆ ಸೊಪ್ಪು ಗೊಬ್ಬರಗಳನ್ನು ಹಾಕುವ ಕ್ರಮವನ್ನೂ ಸಾವಧಾನವಾಗಿ ವಿಚಾರಿಸಿ ಬರೆದಿಟ್ಟಿದ್ದಾನೆ. ಅವನು ಕಂಡ ವ್ಯವಸ್ಥೆಯ ತಿರುಳು ಇಷ್ಟು: ಕಣಿವೆಯ ತಳದಲ್ಲಿ ನೀರಿನ ಆಸರೆಯಲ್ಲಿ ತೋಟ, ಅದರ ಸುತ್ತಲಿನ ಇಳಿಜಾರಿನಲ್ಲಿ ಸೊಪ್ಪಿನ ಬೆಟ್ಟ, ಇವೆರಡರ ನಡುವೆ ಮನೆ ಮತ್ತು ಕೊಟ್ಟಿಗೆ.

ಕೊಟ್ಟಿಗೆಯು ನಡುವೆ ಇದ್ದುದು ಆಕಸ್ಮಿಕವಲ್ಲ. ಬೆಟ್ಟದಿಂದ ಕಡಿದು ತಂದ ಹಸುರು ಸೊಪ್ಪು, ಬೇಸಗೆಯಲ್ಲಿ ಗುಡಿಸಿ ತಂದ ದರಕು, ಇವನ್ನು ದನಗಳ ಕಾಲ ಕೆಳಗೆ ಹಾಸಿ, ಸಗಣಿ ಗಂಜಳಗಳೊಡನೆ ತುಳಿಸಿ, ಗುಂಡಿಯಲ್ಲಿ ಕೊಳೆಸಿ ತೋಟಕ್ಕೆ ಹೊರುವುದೇ ಇಲ್ಲಿಯ ಅಡಿಕೆ ಬೇಸಾಯದ ಪ್ರಾಣ. ವರ್ಷಕ್ಕೆ ೨,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಪಡುವಣ ಭಾಗದಲ್ಲಿ ಮಣ್ಣಿನ ಸಾರವು ತೊಳೆದುಹೋಗುತ್ತದೆ. ಅದನ್ನು ಪುನಃ ತುಂಬುವವರು ದನಗಳೇ. ಬ್ರಿಟಿಷರ ಅರಣ್ಯವ್ಯವಸ್ಥೆಯೂ ಈ ಸಂಬಂಧವನ್ನು ಅಲ್ಲಗಳೆಯಲಾರದೆ, ಒಂದು ಎಕರೆ ತೋಟಕ್ಕೆ ೯ ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಟ್ಟಿತು. ಸೊಪ್ಪನ್ನು ಗೊಬ್ಬರವನ್ನಾಗಿ ಮಾಡಲು ಬೇಕಾದುದು ಹೆಚ್ಚು ಹಾಲು ಕರೆಯುವ ಹಸುವಲ್ಲ. ಸೊಪ್ಪನ್ನು ತುಳಿಯುವ, ಬೆಟ್ಟ ಬೇಣಗಳಲ್ಲಿ ತಾನಾಗಿ ಮೇದು ಬರುವ, ಮಳೆಗಾಲದ ಜಿಗಣೆ ಕೆಸರುಗಳನ್ನು ತಡೆದುಕೊಳ್ಳುವ ದನ. ಅಂತಹ ದನವೆಂದರೆ ಮಲೆನಾಡು ಗಿಡ್ಡ.

ಈ ತಳಿಯ ಪೂರ್ಣವಯಸ್ಸಿನ ಹಸುವಿನ ತೂಕ ನೂರು ಕಿಲೋಗ್ರಾಮಿನ ಆಸುಪಾಸು. ಹಾಲು ದಿನಕ್ಕೆ ಒಂದೆರಡು ಲೀಟರು ಕರೆದರೆ ಒಳ್ಳೆಯ ಹಸುವೆಂದೇ ಲೆಕ್ಕ. ಆದರೆ ವರ್ಷವರ್ಷವೂ ಕರು ಹಾಕುವ ಗುಣಕ್ಕಾಗಿ ಇದಕ್ಕೆ ವರ್ಷಗಂಧಿಯೆಂಬ ಹೆಸರೂ ಉಂಟು. ಇಂಗ್ಲಿಷ್ ಅಧಿಕಾರಿಗಳ ಕಣ್ಣಿಗೆ ಕಾನಡಾ ಜಿಲ್ಲೆಯ ದನ ಕುಳ್ಳಾಗಿ, ಬಡಕಲಾಗಿ ಕಂಡಿತು. ದೊಡ್ಡ ಎತ್ತು, ತುಂಬಿದ ಕೆಚ್ಚಲು ಇವೆರಡನ್ನೇ ಅಳತೆಗೋಲಾಗಿ ಹಿಡಿದವರಿಗೆ ಹಾಗೆ ಕಂಡದ್ದು ಸಹಜ; ಅವರು ಅಳೆದ ಪಟ್ಟಿಯಲ್ಲಿ ಗೊಬ್ಬರಕ್ಕೆ ಅಂಕಣವಿರಲಿಲ್ಲ. ಈ ದನಕ್ಕೆ ಸ್ವತಂತ್ರ ತಳಿಯೆಂಬ ರಾಷ್ಟ್ರೀಯ ಮನ್ನಣೆ ದೊರೆತುದು ೨೦೧೨ರಷ್ಟು ತಡವಾಗಿ.

೪

ಗೊಬ್ಬರವೇ ಮುಖ್ಯವಾಗಿ ಹಾಲು ಗೌಣವಾಗಿದ್ದ ಈ ವ್ಯವಸ್ಥೆಯಲ್ಲಿ ಕರುವಿನ ಪಾಲು ಹೇಗೆ ನಿರ್ಣಯವಾಗುತ್ತಿದ್ದಿತು? ಕ್ರಮವು ಎಲ್ಲರೂ ಬಲ್ಲುದೇ. ನಾಡ ಹಸುವು ಕರುವಿಲ್ಲದೆ ಸೊರೆ ಬಿಡುವುದಿಲ್ಲ. ಕರುವನ್ನು ಮೊದಲು ಕುಡಿಯಲು ಬಿಟ್ಟು, ಕೆಚ್ಚಲು ತುಂಬಿದೊಡನೆ ಎಳೆದು ತಾಯಿಯ ಮುಂಗಾಲ ಬಳಿ ಕಟ್ಟಿ, ಅದರ ಮೈಯನ್ನು ತಾಯಿ ನೆಕ್ಕುತ್ತಿರುವಾಗ ಕರೆದು, ಕೊನೆಗೆ ಮತ್ತೆ ಬಿಡುವುದು. ಮನೆಯ ಹೆಂಗಸರ ಕೈಯಲ್ಲಿದ್ದ ಈ ಕೆಲಸದಲ್ಲಿ ‘ಎರಡು ಮೊಲೆ ಮನೆಗೆ, ಎರಡು ಮೊಲೆ ಕರುವಿಗೆ’ ಎಂಬುದು ನ್ಯಾಯದ ಲೆಕ್ಕ. ಅತಿಥಿಗಳು ಬಂದ ದಿನ, ಹಬ್ಬದ ದಿನ ಆ ನ್ಯಾಯವು ಸ್ವಲ್ಪ ಬಾಗುತ್ತಿದ್ದಿತೆಂದು ಊಹಿಸಲು ಕಷ್ಟವಿಲ್ಲ. ಕರು ಸತ್ತರೆ ಅದರ ತೊಗಲಿಗೆ ಹುಲ್ಲು ತುಂಬಿ ತಾಯಿಯ ಮುಂದೆ ನಿಲ್ಲಿಸಿ ಹಾಲು ಕರೆಯುವ ಉಪಾಯವೂ ನಮ್ಮ ದೇಶದಲ್ಲಿ ಹಲವೆಡೆ ಇದ್ದಿತು. ಅದನ್ನು ನೆನೆದರೆ ಹಳೆಯ ಕಾಲದಲ್ಲಿ ಎಲ್ಲವೂ ಕರುಣೆಯಿಂದಲೇ ನಡೆಯುತ್ತಿದ್ದಿತೆನ್ನುವ ಮಾತು ಸ್ವಲ್ಪ ತಗ್ಗುತ್ತದೆ.

ಹಾಲು ಬಿಡಿಸುವುದಕ್ಕೆ ಗೊತ್ತಾದ ದಿನವಿರಲಿಲ್ಲ. ಇದೇ ನಮ್ಮ ಪರಿಶೀಲನೆಗೆ ಮುಖ್ಯವಾದ ಅಂಶ. ಹೆತ್ತ ಕೆಲವು ದಿನಗಳಲ್ಲೇ ತಾಯಿಯು ಬೆಳಗ್ಗೆ ಮಂದೆಯೊಡನೆ ಬೆಟ್ಟಕ್ಕೆ ಹೋಗಿ ಸಂಜೆಗೆ ಮರಳುತ್ತಿದ್ದಳು. ಹಗಲೆಲ್ಲ ಕರುವು ಕೊಟ್ಟಿಗೆಯಲ್ಲಿ. ಅದರ ಕಾಲಡಿಯಲ್ಲಿ ಹಾಸಿದ ಹಸುರು ಸೊಪ್ಪು, ಮುಂದೆ ಹಾಕಿದ ಒಂದು ಹಿಡಿ ಎಳೆಯ ಹುಲ್ಲು. ಬೇಸಗೆಯಾದರೆ ಕರಡ, ಅಕ್ಕಚ್ಚಿನಲ್ಲಿ ಕದಡಿದ ಚೂರು ತೌಡು. ಎರಡು ಮೂರು ವಾರದ ಕರು ಹಸಿವಿಗಲ್ಲದಿದ್ದರೂ ಬೇಸರಕ್ಕಾಗಿ ಇವನ್ನು ಮೂಸುತ್ತದೆ, ಕಚ್ಚುತ್ತದೆ, ಅಗಿಯುತ್ತದೆ. ಹೀಗೆ ಮೇವಿನ ವೇಳಾಪಟ್ಟಿಯೇ ಹಾಲು ಬಿಡಿಸುವ ವೇಳಾಪಟ್ಟಿಯೂ ಆಗಿದ್ದಿತು: ದಿನಕ್ಕೆ ಹತ್ತು ಗಂಟೆಗಳ ಮಟ್ಟಿಗೆ ಕರುವು ಹುಲ್ಲಿನದು, ಉಳಿದ ಹೊತ್ತು ಹಾಲಿನದು. ತಿಂಗಳುಗಳು ಕಳೆದಂತೆ ಹಾಲು ತಾನಾಗಿ ಕಡಿಮೆಯಾಗಿ, ತಾಯಿ ಮತ್ತೆ ಗಬ್ಬವಾಗಿ ಬತ್ತಿದಾಗ ಕರು ಕಡಸಾಗಿ ಅಥವಾ ಹೋರಿಗರುವಾಗಿ ಮಂದೆಗೆ ಸೇರುತ್ತಿದ್ದಿತು. ಬಿಡದ ಮೊಂಡುಗರುವಿಗೆ ಬಾಯಿಕುಕ್ಕೆ ಕಟ್ಟುವುದು, ಮೊಲೆಗೆ ಸಗಣಿ ಸವರುವುದು ಇವೆಲ್ಲ ಕೊನೆಯ ಉಪಾಯಗಳು.

ಯಲ್ಲಾಪುರದ ಕಾಡಿನಲ್ಲಿ ನೆಲೆಸಿದ ಗೌಳಿಗರ ಎಮ್ಮೆಯ ಸಾಕಣೆ ಈ ಲೆಕ್ಕಕ್ಕೆ ಸೇರತಕ್ಕದ್ದಲ್ಲ. ಅವರ ಜೀವನವು ಬೆಣ್ಣೆ ತುಪ್ಪಗಳನ್ನು ಅವಲಂಬಿಸಿದ್ದಿತಾದ್ದರಿಂದ ಅಲ್ಲಿ ಹಾಲಿನ ಪಾಲು ಬೇರೆ ತಕ್ಕಡಿಯಲ್ಲಿ ತೂಗಲ್ಪಡುತ್ತಿದ್ದಿತು. ಅದು ಪ್ರತ್ಯೇಕ ಪ್ರಬಂಧಕ್ಕೆ ತಕ್ಕ ವಿಷಯ.

೫

ಇನ್ನು ಜಠರದ ವಿಚಾರ. ಮೆಲುಕು ಹಾಕುವ ಪ್ರಾಣಿಗಳ ಜಠರಕ್ಕೆ ನಾಲ್ಕು ಕೋಣೆಗಳುಂಟೆಂಬುದನ್ನೂ, ಹಾಲುಗರುವಿನ ಜಠರದ ರಸವು ಹಾಲನ್ನು ಹೆಪ್ಪುಗಟ್ಟಿಸುವುದೆಂಬುದನ್ನೂ ಅರಿಸ್ಟಾಟಲನು ಕ್ರಿಸ್ತಪೂರ್ವ ೪ನೆಯ ಶತಮಾನದಲ್ಲಿಯೇ ವರ್ಣಿಸಿದ್ದಾನೆ. ಈ ಕೋಣೆಗಳನ್ನು ಕ್ರಮವಾಗಿ ರೂಮೆನ್, ರೆಟಿಕ್ಯುಲಮ್, ಓಮೇಸಮ್, ಅಬೋಮೇಸಮ್ ಎಂದು ಕರೆಯುತ್ತಾರೆ. ಮೊದಲನೆಯದನ್ನು ಮೆಲುಕುಚೀಲವೆಂದೂ ಕೊನೆಯದನ್ನು ನಿಜಜಠರವೆಂದೂ ನಾವು ಇಲ್ಲಿ ಹೇಳೋಣ. ಬೆಳೆದ ಹಸುವಿನಲ್ಲಿ ಮೆಲುಕುಚೀಲವೇ ಹೊಟ್ಟೆಯ ಎಡಭಾಗವನ್ನೆಲ್ಲ ಆಕ್ರಮಿಸಿರುತ್ತದೆ. ನಿಜಜಠರವು ಒಟ್ಟು ಜಠರದ ಹತ್ತರಲ್ಲೊಂದು ಪಾಲಿಗೂ ಕಡಿಮೆ. ಹುಟ್ಟಿದ ಕರುವಿನಲ್ಲಿ ಸ್ಥಿತಿ ಇದಕ್ಕೆ ತಿರುಗುಮುರುಗು: ನಿಜಜಠರವೇ ಅರ್ಧಕ್ಕಿಂತ ಹೆಚ್ಚು, ಮೆಲುಕುಚೀಲವು ಸಣ್ಣದೊಂದು ಮಡಿಕೆ ಮಾತ್ರ. ಕರು ಮೊಲೆಗೆ ಬಾಯಿ ಹಾಕಿದೊಡನೆ ಅನ್ನನಾಳದ ತುದಿಯಲ್ಲಿರುವ ಒಂದು ತೋಡು ಮುಚ್ಚಿಕೊಂಡು ಕೊಳವೆಯಾಗಿ, ಹಾಲು ಮೆಲುಕುಚೀಲಕ್ಕೆ ಬೀಳದೆ ನೇರವಾಗಿ ನಿಜಜಠರಕ್ಕೆ ಇಳಿಯುತ್ತದೆ. ಎಂದರೆ ಹಾಲುಗರುವು ಹಲ್ಲು ಗೊರಸುಗಳಲ್ಲಿ ದನವಾದರೂ ಜೀರ್ಣಕ್ರಿಯೆಯಲ್ಲಿ ಬಹುಮಟ್ಟಿಗೆ ನಮ್ಮ ನಿಮ್ಮಂತೆಯೇ.

ಹಾಗಾದರೆ ಈ ಪ್ರಾಣಿಯು ದನವಾಗುವುದು ಯಾವಾಗ, ಹೇಗೆ? ಬಹುಕಾಲ ವಿದ್ವಾಂಸರು ಒರಟಾದ ಹುಲ್ಲು ತುಂಬಿ ತುಂಬಿ ಚೀಲವು ಹಿಗ್ಗುವುದರಿಂದಲೇ ಅದು ಬೆಳೆಯುತ್ತದೆಂದು ಭಾವಿಸಿದ್ದರು. ೧೯೪೪ರಲ್ಲಿ ಕೇಂಬ್ರಿಜ್ಜಿನ ಬಾರ್‌ಕ್ರಾಫ್ಟ್, ಮೆಕ್‌ಅನಲಿ, ಫಿಲಿಪ್ಸನ್ ಇವರು ಮೆಲುಕುಚೀಲದಲ್ಲಿ ಸೂಕ್ಷ್ಮಜೀವಿಗಳು ನಾರನ್ನು ಕೊಳೆಸಿದಾಗ ಹುಟ್ಟುವ ಬಾಷ್ಪಶೀಲ ಆಮ್ಲಗಳು ಆ ಚೀಲದ ಗೋಡೆಯ ಮೂಲಕವೇ ರಕ್ತವನ್ನು ಸೇರುತ್ತವೆಂದು ತೋರಿಸಿದರು. ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಎಂಬುವೇ ಆ ಆಮ್ಲಗಳು. ಮೂರನೆಯದಕ್ಕೆ ಹೆಸರು ಬಂದುದು ಬೆಣ್ಣೆಯಿಂದ, ಹಳಸಿದ ಬೆಣ್ಣೆಯ ಘಾಟು ಅದರದೇ. ಬಳಿಕ ೧೯೫೬–೫೮ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ವಾರ್ನರ್, ಫ್ಲ್ಯಾಟ್, ಲೂಸ್ಲಿ ಎಂಬುವರು ಒಂದು ಸರಳವಾದ ಪ್ರಯೋಗವನ್ನು ಮಾಡಿದರು. ಹಾಲು ಮಾತ್ರ ಕುಡಿಯುವ ಕರುಗಳ ಮೆಲುಕುಚೀಲದೊಳಗೆ ಪ್ಲಾಸ್ಟಿಕ್ಕಿನ ಸ್ಪಂಜುಗಳನ್ನು ಇರಿಸಿದರು. ಚೀಲವು ಹಿಗ್ಗಿತು; ಆದರೆ ಅದರ ಒಳಗೋಡೆಯ ಮೇಲೆ, ಆಹಾರದ ಸಾರವನ್ನು ಹೀರುವುದಕ್ಕೆ ಅವಶ್ಯವಾದ, ಸಣ್ಣ ನಾಲಗೆಗಳಂತಹ ಅಂಕುರಗಳು ಏಳಲಿಲ್ಲ. ಆ ಆಮ್ಲಗಳ ಲವಣಗಳನ್ನೇ ಚೀಲಕ್ಕೆ ಹಾಕಿದಾಗ ಅಂಕುರಗಳು ಎದ್ದವು. ಅವುಗಳಲ್ಲಿಯೂ ಬ್ಯುಟಿರಿಕ್ ಆಮ್ಲವೇ ಹೆಚ್ಚು ಬಲವುಳ್ಳದ್ದೆಂದು ಮುಂದಿನ ವರ್ಷಗಳ ಪ್ರಯೋಗಗಳಿಂದ ಗೊತ್ತಾಯಿತು.

ಈ ಪ್ರಯೋಗದ ತಾತ್ಪರ್ಯವು ನಮ್ಮ ಕೊಟ್ಟಿಗೆಗೆ ನೇರವಾಗಿ ಅನ್ವಯಿಸುತ್ತದೆ. ಬೇಗನೆ ಹಾಲು ಬಿಡಿಸಿ ಒಣಹುಲ್ಲಿಗೆ ಕಟ್ಟಿದ ಕರುವಿನ ಹೊಟ್ಟೆ ಡೊಳ್ಳಾಗಿ, ಬೆನ್ನಿನ ಎಲುಬು ಎದ್ದು, ಕೂದಲು ಒರಟಾಗಿ ನಿಲ್ಲುವುದನ್ನು ಹಳ್ಳಿಯಲ್ಲಿ ಕಾಣದವರಿಲ್ಲ. ಜಂತುಹುಳು ಅದಕ್ಕೆ ಒಂದು ಕಾರಣವೆಂಬುದು ದಿಟ. ಆದರೆ ಹುಳುವಿಲ್ಲದ ಕರುವೂ ಹೀಗಾಗಬಲ್ಲದು. ಒಣಹುಲ್ಲು ಇಲ್ಲಿ ಕಾರ್ನೆಲ್ಲಿನ ಸ್ಪಂಜಿನ ಕೆಲಸವನ್ನು ಮಾಡುತ್ತದೆ: ಚೀಲವನ್ನು ಹಿಗ್ಗಿಸುತ್ತದೆ, ಸ್ನಾಯುವನ್ನು ಬೆಳೆಸುತ್ತದೆ, ಆದರೆ ಬೇಗ ಹುದುಗುವ ಪದಾರ್ಥವು ಅದರಲ್ಲಿ ಕಡಿಮೆಯಾದ್ದರಿಂದ ಅಂಕುರಗಳಿಗೆ ಬೇಕಾದ ಆಮ್ಲವನ್ನು ಸಾಕಷ್ಟು ಹುಟ್ಟಿಸುವುದಿಲ್ಲ. ಹೊಟ್ಟೆ ದೊಡ್ಡದಾಗಿದೆ, ಹೀರುವ ಗೋಡೆ ಬೋಳಾಗಿದೆ. ಅಕ್ಕಚ್ಚಿನಲ್ಲಿ ಕದಡಿದ ಆ ಚೂರು ತೌಡಿನ ಮಹತ್ವವು ಇದರಿಂದ ವ್ಯಕ್ತವಾಗುತ್ತದೆ.

೬

ಆಮ್ಲವೊಂದು ಗೋಡೆಯ ಆಕೃತಿಯನ್ನೇ ಬದಲಿಸುವುದು ಹೇಗೆ? ಇದಕ್ಕೆ ಉತ್ತರವು ದನಗಳ ಅಭ್ಯಾಸದಿಂದಲ್ಲ, ಬೇರೊಂದು ದಿಕ್ಕಿನಿಂದ ಬಂದಿತು. ೧೯೭೭ರಲ್ಲಿ ರಿಗ್ಸ್ ಮತ್ತು ಅವರ ಸಂಗಡಿಗರು ಪ್ರಯೋಗಶಾಲೆಯಲ್ಲಿ ಬೆಳೆಸಿದ ಜೀವಕೋಶಗಳಿಗೆ ಬ್ಯುಟಿರಿಕ್ ಆಮ್ಲದ ಲವಣವನ್ನು ಹಾಕಿದಾಗ, ವಂಶವಾಹಿಗಳ ಎಳೆಯು ಸುತ್ತಿಕೊಂಡಿರುವ ಹಿಸ್ಟೋನ್ ಎಂಬ ಪ್ರೋಟೀನುಗಳಲ್ಲಿ ರಾಸಾಯನಿಕ ಮಾರ್ಪಾಟು ಆಗುವುದನ್ನು ಕಂಡರು. ನೂಲುಂಡೆಯು ಬಿಗಿಯಾಗಿದ್ದರೆ ನೂಲನ್ನು ಎಳೆಯಲಾಗದು, ಸಡಿಲಿಸಿದರೆ ಎಳೆಯಬಹುದು. ಬ್ಯುಟಿರಿಕ್ ಆಮ್ಲವು ಹಾಗೆ ಸಡಿಲಿಸಬಲ್ಲದು, ಹಾಗೂ ಸಡಿಲಿಸಿದೆಡೆಯಲ್ಲಿ ಸುಪ್ತವಾಗಿದ್ದ ವಂಶವಾಹಿಗಳು ಕೆಲಸಕ್ಕೆ ತೊಡಗಬಲ್ಲವು. ಎಂದಮೇಲೆ ಮೇವು ಕರುವಿಗೆ ಬರಿಯ ಪೋಷಣೆಯಲ್ಲ, ಆಜ್ಞೆಯೂ ಹೌದು.

ದನದ ಸಮಗ್ರ ವಂಶವಾಹಿ ನಕ್ಷೆಯು ೨೦೦೯ರಲ್ಲಿ ಪ್ರಕಟವಾದ ಮೇಲೆ ಒಂದೊಂದೇ ವಂಶವಾಹಿಯ ಬದಲು ಸಾವಿರಾರನ್ನು ಒಟ್ಟಿಗೆ ನೋಡುವುದು ಸುಲಭವಾಯಿತು. ಅಮೆರಿಕದ ಬೆಲ್ಟ್ಸ್‌ವಿಲ್ ಸಂಶೋಧನ ಕೇಂದ್ರದ ಕಾನರ್, ಬಾಲ್ಡ್‌ವಿನ್ ಮೊದಲಾದವರು ಹೋಲ್‌ಸ್ಟೈನ್ ಗಂಡುಗರುಗಳನ್ನು ೪೨ ದಿನಗಳವರೆಗೆ ಹಾಲಿನ ಮೇಲಷ್ಟೇ ಇಟ್ಟು, ಅನಂತರ ಕೆಲವಕ್ಕೆ ಹಾಲಿನೊಡನೆ ಒಣಹುಲ್ಲನ್ನೂ ಕೆಲವಕ್ಕೆ ಹಾಲಿನೊಡನೆ ಕಾಳಿನ ಮೇವನ್ನೂ ಕೊಟ್ಟು, ಮೆಲುಕುಚೀಲದ ಒಳಪೊರೆಯಲ್ಲಿ ಯಾವ ವಂಶವಾಹಿಗಳು ಎಚ್ಚೆತ್ತವು, ಯಾವುವು ಮಲಗಿದವು ಎಂಬುದನ್ನು ಪರೀಕ್ಷಿಸಿ ೨೦೧೩ರಲ್ಲಿ ಪ್ರಕಟಿಸಿದರು. ನೂರಾರು ವಂಶವಾಹಿಗಳ ಚಟುವಟಿಕೆ ಬದಲಾಗಿದ್ದಿತು. ಕೋಶಗಳ ಬೆಳವಣಿಗೆಯನ್ನು ಹಿಡಿತದಲ್ಲಿಡುವ, ಕೊಬ್ಬಿನ ಆಮ್ಲಗಳನ್ನು ಉರಿಸಿ ಶಕ್ತಿಯನ್ನು ಪಡೆಯುವ ಕಾರ್ಯವನ್ನು ನಿಯಂತ್ರಿಸುವ ಕೆಲವು ಮುಖ್ಯ ವಂಶವಾಹಿಗಳು ಈ ಪರಿವರ್ತನೆಯ ಚುಕ್ಕಾಣಿ ಹಿಡಿದಿವೆಯೆಂಬುದು ಅವರ ಅಭಿಪ್ರಾಯ.

ಆದರೆ ಎಲ್ಲವೂ ಮೇವಿನಿಂದಲೇ ಎಂದರೆ ತಪ್ಪಾಗುತ್ತದೆ. ೨೦೦೨ರಲ್ಲಿ ಲೇನ್, ಬಾಲ್ಡ್‌ವಿನ್, ಜೆಸ್ಸಿ ಇವರು ಕುರಿಮರಿಗಳಲ್ಲಿ ನಡೆಸಿದ ಅಭ್ಯಾಸವು ಇದಕ್ಕೆ ಸಾಕ್ಷಿ. ಬ್ಯುಟಿರಿಕ್ ಆಮ್ಲವನ್ನು ದೇಹಕ್ಕೆ ಉಪಯುಕ್ತವಾದ ಕೀಟೋನ್ ದ್ರವ್ಯವನ್ನಾಗಿ ಮಾರ್ಪಡಿಸುವ ವಂಶವಾಹಿಗಳು, ಮರಿಯು ಹುಲ್ಲನ್ನೇ ಕಾಣದೆ ಹಾಲಿನ ಮೇಲೆಯೇ ಬೆಳೆದರೂ, ಸುಮಾರು ಆರು ವಾರಗಳ ವಯಸ್ಸಿಗೆ ತಾವಾಗಿ ಚುರುಕಾದುವು. ಅಂಕುರಗಳು ಮಾತ್ರ ಎದ್ದಿರಲಿಲ್ಲ. ಹೀಗೆ ಒಂದು ಕೆಲಸಕ್ಕೆ ವಯಸ್ಸಿನ ಗಡಿಯಾರ, ಮತ್ತೊಂದಕ್ಕೆ ಮೇವಿನ ಕರೆ. ಎರಡೂ ಕೂಡಿಬಂದಾಗಲೇ ಮೆಲುಕುಚೀಲವು ಸಿದ್ಧ. ನಿಜಜಠರದಲ್ಲಿ ಇದರ ವಿರುದ್ಧವಾದ ವ್ಯಾಪಾರ ನಡೆಯುತ್ತದೆ: ಹಾಲನ್ನು ಹೆಪ್ಪುಗಟ್ಟಿಸುವ ಕೈಮೊಸಿನ್ ಎಂಬ ಕಿಣ್ವದ ವಂಶವಾಹಿಯು ಹಾಲು ಬಿಟ್ಟಂತೆಲ್ಲ ತಣ್ಣಗಾಗಿ, ಪೆಪ್ಸಿನ್ ಅದರ ಸ್ಥಾನಕ್ಕೆ ಬರುತ್ತದೆ. (ಕರುವಿನಲ್ಲಿ ಹೀಗೆ ಮಲಗುವ ಈ ವಂಶವಾಹಿಯನ್ನು ಸೂ‌ಕ್ಷ್ಮಜೀವಿಗಳಿಗೆ ಸೇರಿಸಿ ತಯಾರಿಸಿದ ಕಿಣ್ವಕ್ಕೆ ೧೯೯೦ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತು, ಚೀಸಿನ ಕಾರ್ಖಾನೆಗಳಲ್ಲಿ ಅದು ಹಗಲಿರುಳು ದುಡಿಯುತ್ತಿರುವುದು ವಿಚಿತ್ರವಾದರೂ ನಿಜ.)

ಈ ಪ್ರಯೋಗಗಳ ಹೋಲ್‌ಸ್ಟೈನ್ ಕರುವು ಹುಟ್ಟುವಾಗಲೇ ೪೦ ಕಿಲೋಗ್ರಾಮಿನಷ್ಟಿರುತ್ತದೆಂಬುದನ್ನೂ, ಅದು ಬೆಳೆದ ಗಿಡ್ಡ ಹಸುವಿನ ತೂಕದ ಮೂರನೆಯ ಒಂದಂಶಕ್ಕೂ ಮಿಕ್ಕಿದುದೆಂಬುದನ್ನೂ ಮರೆಯಬಾರದು. ಆದಕಾರಣ ಆರು ವಾರವೆಂಬ ಅಂಕಿಯನ್ನು ಹಾಗೆಯೇ ಎತ್ತಿ ಸಿದ್ದಾಪುರದ ಕೊಟ್ಟಿಗೆಯ ಗೋಡೆಗೆ ಅಂಟಿಸುವುದು ವಿವೇಕವಲ್ಲ. ಅನ್ವಯಿಸುವುದು ಅಂಕಿಯಲ್ಲ, ಕ್ರಮ: ಹಾಲು ನಿಲ್ಲುವ ಮುನ್ನ ಗೋಡೆ ಸಿದ್ಧವಾಗಿರಬೇಕು. ಹಳೆಯ ಪದ್ಧತಿಯಲ್ಲಿ ಈ ಕ್ರಮವು ತಪ್ಪುತ್ತಿರಲಿಲ್ಲ. ಅಲ್ಲದೆ ಮೆಲುಕುಚೀಲದ ಸೂಕ್ಷ್ಮಜೀವಿಗಳು ಕರುವಿಗೆ ಬರುವುದು ತಾಯಿಯ ನಾಲಗೆ, ಎಂಜಲು, ಸುತ್ತಲಿನ ಮೇವು ಮಣ್ಣುಗಳಿಂದ. ಮೈ ನೆಕ್ಕಿಸಿಕೊಳ್ಳುವ ಕರುವಿಗೆ ಈ ಬೀಜಸಂಗ್ರಹವು ದಿನವೂ ದೊರೆಯುತ್ತಿದ್ದಿತು. ಆದರೆ ಪ್ರಮಾಣದಲ್ಲಿ ಆ ಪದ್ಧತಿ ಅನೇಕ ವೇಳೆ ಸೋಲುತ್ತಿದ್ದಿತು. ಒಂದು ಲೀಟರು ಹಾಲಿನ ಅರ್ಧಪಾಲೆಂದರೆ ಅರ್ಧ ಲೀಟರೇ. ಆಷಾಢದ ಮಳೆಯಲ್ಲಿ, ಹಸಿ ನೆಲದಲ್ಲಿ, ಜಂತುಹುಳುವಿನ ಬಾಧೆಯಲ್ಲಿ ಅಷ್ಟರಿಂದಲೇ ಬದುಕಬೇಕಾಗಿದ್ದ ಕರುಗಳಲ್ಲಿ ಎಷ್ಟೋ ಬದುಕಲಿಲ್ಲ. ಗಿಡ್ಡ ತಳಿಯ ಗಟ್ಟಿತನವನ್ನು ಹೊಗಳುವಾಗ ಅದು ಹೀಗೆ ಸತ್ತ ಕರುಗಳ ಬೆಲೆ ತೆತ್ತು ಪಡೆದ ಗಟ್ಟಿತನವೆಂಬುದನ್ನೂ ಹೇಳಬೇಕಾಗುತ್ತದೆ.

೭

೧೯೨೩ರಲ್ಲಿ ಎರಡು ಸಂಸ್ಥೆಗಳು ಹುಟ್ಟಿದುವು. ಒಂದಕ್ಕೊಂದು ಸಂಬಂಧವಿಲ್ಲದಿದ್ದರೂ ನಮ್ಮ ವಿಷಯಕ್ಕೆ ಎರಡೂ ಸಂಬಂಧಿಸಿವೆ. ಶಿರಸಿಯಲ್ಲಿ ತೋಟಗಾರ್ಸ್ ಸಹಕಾರಿ ಮಾರಾಟ ಸಂಘವು ಸ್ಥಾಪನೆಯಾಗಿ ಅಡಿಕೆಯ ಮಾರಾಟವನ್ನು ಬೆಳೆಗಾರರ ಕೈಗೆ ತಂದಿತು. ಬೆಂಗಳೂರಿನಲ್ಲಿ ಇಂಪೀರಿಯಲ್ ಪಶುಪಾಲನ ಮತ್ತು ಹೈನುಗಾರಿಕೆಯ ಸಂಸ್ಥೆಯು ಪ್ರಾರಂಭವಾಯಿತು. ೧೯೨೭ರಲ್ಲಿ ಮಹಾತ್ಮಾ ಗಾಂಧಿಯವರು ಬೆಂಗಳೂರಿನಲ್ಲಿ ವಿಶ್ರಾಂತಿಗಾಗಿ ತಂಗಿದ್ದಾಗ ಇಲ್ಲಿಗೆ ಬಂದು ಗೋಪಾಲನೆಯ ಪಾಠವನ್ನು ಕಲಿತರು. ಅಡಿಕೆಗೆ ಸಹಕಾರ ಬಂದ ಕಾಲಕ್ಕೆ ಹಾಲಿಗೆ ಬರಲಿಲ್ಲ. ಘಟ್ಟದ ಮೇಲಿನ ಮನೆಗಳು ಒಂದಕ್ಕೊಂದು ದೂರ. ಹಾಲು ಕೊಳ್ಳುವ ಪಟ್ಟಣ ಇನ್ನೂ ದೂರ. ಮಾರಲಾಗದ ಹಾಲಿನಲ್ಲಿ ಕರುವಿಗೆ ಪಾಲು ಕೊಡುವುದು ಕಷ್ಟದ ಔದಾರ್ಯವಲ್ಲ.

ಪರಿಸ್ಥಿತಿಯು ಬದಲಾದುದು ಹೆಸರಘಟ್ಟದಲ್ಲಿ ೧೯೬೯ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಘನೀಕೃತ ವೀರ್ಯದ ಕೇಂದ್ರವು ಸ್ಥಾಪನೆಯಾಗಿ, ಜರ್ಸಿ ಮತ್ತು ಹೋಲ್‌ಸ್ಟೈನ್ ಮಿಶ್ರತಳಿಗಳು ಹಳ್ಳಿಗಳಿಗೆ ಹರಡಿದ ಮೇಲೆ. ೧೯೮೬ರಲ್ಲಿ ಧಾರವಾಡ ಹಾಲು ಒಕ್ಕೂಟವು ಸ್ಥಾಪನೆಯಾಯಿತು; ಉತ್ತರ ಕನ್ನಡದ ಹಾಲಿನ ಸಂಘಗಳೂ ಅದರ ವ್ಯಾಪ್ತಿಗೆ ಬಂದುವು. ಕೊಟ್ಟಿಗೆಯಲ್ಲಿ ದಿನಕ್ಕೆ ಎಂಟು ಹತ್ತು ಲೀಟರು ಕರೆಯುವ ಹಸು, ಊರ ಬಾಗಿಲಲ್ಲಿ ಎರಡು ಹೊತ್ತು ಹಾಲು ಅಳೆಯುವ ಸಂಘ, ಹಾಲಿಗೆ ಗೊತ್ತಾದ ಹಣ ಬಂದ ಮೇಲೆ ಕರುವು ಕುಡಿದ ಪ್ರತಿಯೊಂದು ಲೀಟರಿಗೂ ಬೆಲೆ ಹುಟ್ಟಿತು. ಅಡಿಕೆಯ ಹಣ ಯಜಮಾನನ ಕೈಗೆ ವರ್ಷಕ್ಕೊಮ್ಮೆ ಬರುತ್ತಿದ್ದರೆ ಹಾಲಿನ ಹಣ ವಾರವಾರವೂ ಬಂದು, ಎಷ್ಟೋ ಮನೆಗಳಲ್ಲಿ ಹೆಂಗಸರ ಕೈಯಲ್ಲಿ ಉಳಿಯಿತು. ಮಕ್ಕಳ ಶಾಲೆಯ ಖರ್ಚು, ಔಷಧ, ಸಂತೆಯ ಸಾಮಾನು ಇದರಿಂದ ನಡೆದುವು. ಕರುವಿನ ಪಾಲು ಕುಗ್ಗಿತೆಂದು ಮರುಗುವವರು ಈ ಲಾಭವನ್ನು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿಡದೆ ಮಾತನಾಡಲಾಗದು.

ಮಿಶ್ರತಳಿಯ ಹಸುವು ಕರುವಿಲ್ಲದೆಯೂ ಹಾಲು ಬಿಡುತ್ತದೆ. ಇದರಿಂದ ಕರುವಿನ ಹಳೆಯ ಅಧಿಕಾರವೇ ತಪ್ಪಿತು. ಸೊರೆಗೆ ಬೇಡವಾದ ಕರುವನ್ನು ಬೇರೆ ಕಟ್ಟಿ ಪಾತ್ರೆಯಲ್ಲಿ ಹಾಲು ಕುಡಿಸುವ ಪಾಶ್ಚಾತ್ಯ ಪದ್ಧತಿಯು ಬಂದಿತು. ಆ ಪದ್ಧತಿಯೂ ಕೆಟ್ಟದ್ದೆನ್ನುವಂತಿಲ್ಲ. ಅದರ ಮೂಲದಲ್ಲಿ ಮೂರು ಅಂಗಗಳಿವೆ: ಮೊದಲ ದಿನ ಗಿಣ್ಣು ಹಾಲು, ಎರಡನೆಯ ವಾರದಿಂದ ಕರುವಿಗೆಂದೇ ಸಿದ್ಧಪಡಿಸಿದ ಕಾಳಿನ ಮೇವು ಮತ್ತು ನೀರು, ಮೇವು ತಿನ್ನುವುದು ಹೆಚ್ಚಿದಂತೆ ಹಾಲನ್ನು ಇಳಿಸುತ್ತ ಬರುವುದು. ಮೂರನ್ನೂ ಪಾಲಿಸಿದರೆ ಆರರಿಂದ ಎಂಟು ವಾರಗಳಲ್ಲಿ ಹಾಲು ಬಿಡಿಸಿದ ಕರುವೂ ಚೆನ್ನಾಗಿ ಬೆಳೆಯುತ್ತದೆ. ಘಟ್ಟದ ಮೇಲೆ ಅನೇಕ ಕಡೆ ನಡೆದುದು ಇದರ ಅರ್ಧ ಅನುಕರಣ. ಮೂರನೆಯ ಅಂಗವನ್ನು ಮೊದಲು ಹಿಡಿದುಕೊಂಡರು, ಎರಡನೆಯದನ್ನು ಬಿಟ್ಟರು. ಹಾಲು ಇಳಿಯಿತು; ಅದರ ಸ್ಥಾನಕ್ಕೆ ಬಂದುದು ಬಯಲುಸೀಮೆಯಿಂದ ತರಿಸಿದ ಒಣಹುಲ್ಲು. ಹಿಂಡಿಯೆಲ್ಲ ಹಾಲು ಕರೆಯುವ ಹಸುವಿಗೆ. ತಾಯಿಯ ನಾಲಗೆಯೂ ಇಲ್ಲ, ಬೆಟ್ಟದ ಸೊಪ್ಪೂ ಇಲ್ಲ, ಕಾಳೂ ಇಲ್ಲ. ವಯಸ್ಸಿನ ಗಡಿಯಾರವು ಬಡಿದು ವಂಶವಾಹಿಗಳು ಎದ್ದು ಕುಳಿತರೂ ಅವಕ್ಕೆ ಕೆಲಸ ಕೊಡುವ ಆಮ್ಲವಿಲ್ಲ.

ಕಡಸುಗರುವಾದರೆ ಮುಂದೊಂದು ದಿನ ಹಾಲು ಕೊಟ್ಟೀತೆಂಬ ಆಸೆಯಿಂದ ಅಷ್ಟಿಷ್ಟು ಆರೈಕೆ ದೊರೆಯುತ್ತದೆ. ಗಂಡುಗರುವಿನ ಪಾಡು ಬೇರೆ. ಗದ್ದೆಗೆ ಪವರ್ ಟಿಲ್ಲರು ಬಂದ ಮೇಲೆ ಎತ್ತಿನ ಅಗತ್ಯ ಕಡಿಮೆಯಾಯಿತು; ಕೃತಕ ಗರ್ಭಧಾರಣೆ ಬಂದ ಮೇಲೆ ಹೋರಿಯ ಅಗತ್ಯವೂ ಕಡಿಮೆಯಾಯಿತು. ಹಳೆಯ ವ್ಯವಸ್ಥೆಯಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲದೆ ಎಲ್ಲ ಕರುಗಳಿಗೂ ಒಂದು ಉದ್ಯೋಗವಿದ್ದಿತು: ಸೊಪ್ಪನ್ನು ತುಳಿಯುವುದು, ಸಗಣಿ ಹಾಕುವುದು. ಆ ಉದ್ಯೋಗವೂ ಈಗ ಕ್ಷೀಣಿಸಿದೆ. ಬೆಟ್ಟದಿಂದ ಸೊಪ್ಪು ತರಲು ಆಳುಗಳಿಲ್ಲ. ಮಂದೆ ಕಾಯುವ ಹುಡುಗರಿಲ್ಲ. ಇದ್ದ ಒಂದೆರಡು ಮಿಶ್ರತಳಿಯ ಹಸುಗಳು ಕಾಂಕ್ರೀಟಿನ ನೆಲದ ಮೇಲೆ ಕಟ್ಟಿದಲ್ಲಿಯೇ ನಿಂತಿರುತ್ತವೆ. ಒಂಬತ್ತು ಎಕರೆ ಬೆಟ್ಟವನ್ನು ಹೆಸರಿನಲ್ಲಿ ಉಳಿಸಿಕೊಂಡಿರುವ ತೋಟಕ್ಕೆ, ಮಳೆಗಾಲಕ್ಕೆ ಮುಂಚೆ, ಹಾವೇರಿ ಧಾರವಾಡಗಳ ಬಯಲಿನಿಂದ ಲಾರಿಗಳಲ್ಲಿ ಸಗಣಿ ಗೊಬ್ಬರವೂ ಕುರಿಗೊಬ್ಬರವೂ ಬರುತ್ತಿವೆ. ಅದರ ಬಾಡಿಗೆಗೆ ತಗಲುವ ಹಣದಲ್ಲಿ ಹಾಲಿನ ಸಂಘದಿಂದ ಬಂದ ಹಣವೂ ಸೇರಿದೆ.